ಅಪರಿಚಿತರ ನಡುವೆ ಒಂದು ನಿದ್ದೆ

ವಿಮಾನ ಹಾರುವುದನ್ನು ಕಂಡು ಬೆರಗಾಗುವ ಕಾಲ ಮುಗಿದುಹೋಯಿತು. ಒಂದು ಕಾಲಕ್ಕೆ ಆಕಾಶದಲ್ಲಿ ಸದ್ದು ಕೇಳಿಸಿದರೆ ಸಾಕು, ಒಲೆಯ ಮೇಲಿನ ಹಾಲನ್ನು ಬಿಟ್ಟು ಹೆಂಗಸರು, ಪಾಟಿ ಬಿಟ್ಟು ಮಕ್ಕಳು ಅಂಗಳಕ್ಕೆ ಓಡಿಬಂದು ಕತ್ತೆತ್ತುತ್ತಿದ್ದರು. ಈಗ ಕಿಟಕಿ ಪಕ್ಕದ ಸೀಟಿಗೆಂದು ಹೆಚ್ಚಿಗೆ ದುಡ್ಡು ಕೊಟ್ಟವರೂ ಕಿಟಕಿ ಮುಚ್ಚಿ ಸಿನಿಮಾ ನೋಡುತ್ತಾರೆ. ನೆಲದಿಂದ ಹತ್ತು ಕಿಲೋಮೀಟರ್ ಮೇಲೆ ಕುಳಿತು, ಉಪ್ಪಿಟ್ಟು ಆರಿದೆ ಎಂದು ಮುಖ ಸಿಂಡರಿಸುವಷ್ಟು ಪಳಗಿಬಿಟ್ಟಿದ್ದೇವೆ. ಅದರಲ್ಲಿ ತಪ್ಪೇನೂ ಇಲ್ಲ. ದಿನಬೆಳಗಾದರೆ ಕಾಣುವುದರ ಮೇಲೆ ಬೆರಗು ಬಹಳ ದಿನ ನಿಲ್ಲುವುದಿಲ್ಲ.

ಹಾಗೆಂದು ಅದು ಪೂರ್ತಿ ಆರಿಹೋಗುವುದೂ ಇಲ್ಲ, ಜಾಗ ಬದಲಿಸುತ್ತದೆ. ವಿಮಾನಯಾನದ ಸೋಜಿಗ ಈಗ ಎಲ್ಲಿ ಉಳಿದಿದೆ ಎಂದು ಯಾರಾದರೂ ಕೇಳಿದರೆ ನಾನು ಆಕಾಶದ ಕಡೆ ಕೈ ತೋರಿಸಲಾರೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ, ಮುಂದಿನ ವಿಮಾನಕ್ಕೆ ಕಾಯುತ್ತಾ ಊರೂರಿನ ಜನ ಅಡ್ಡಾದಿಡ್ಡಿ ಮಲಗಿರುತ್ತಾರಲ್ಲ, ಆ ನಿಲ್ದಾಣದ ನೆಲವನ್ನು ತೋರಿಸುತ್ತೇನೆ.

ಯುರೋಪಿನಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಅಂಥದೊಂದು ರಾತ್ರಿಯನ್ನು ದೋಹಾದ ಹಮದ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಕಳೆದೆ. ಅಗ್ಗದ ಟಿಕೆಟ್ ಬೇಕೆಂದವರಿಗೆ ಉದ್ದದ ಲೇಓವರ್ ತಪ್ಪಿದ್ದಲ್ಲ. ಹಣ ಇದ್ದವರು ಗಂಟೆಯ ಲೆಕ್ಕದ ಕೋಣೆ ಹಿಡಿಯುತ್ತಾರೆ, ಮಿಕ್ಕವರು ಕುರ್ಚಿ ಹುಡುಕುತ್ತಾರೆ. ಕುರ್ಚಿಗಳಿಗೋ ನಡುನಡುವೆ ಕಬ್ಬಿಣದ ಕೈಗಳು. ಯಾರೂ ಉದ್ದಕ್ಕೆ ಮಲಗಬಾರದೆಂದೇ ಮಾಡಿಸಿದ ಹಾಗಿರುತ್ತವೆ. ಆ ಕೈಗಳ ಕೆಳಗೆ ಮೈಯನ್ನು ಹಾವಿನಂತೆ ತೂರಿಸಿ ಮಲಗುವ ವಿದ್ಯೆ ಕೆಲವರಿಗೆ ಒಲಿದಿದೆ. ಒಲಿಯದವರಿಗೆ ನೆಲ ಇದ್ದೇ ಇದೆ.

ಈ ನಿಲ್ದಾಣ ಶುರುವಾದದ್ದು 2014ರಲ್ಲಿ. ಅದರ ಅರ್ಧಕ್ಕಿಂತ ಹೆಚ್ಚು ಜಾಗ ಹಿಂದೆ ಸಮುದ್ರವಾಗಿತ್ತು. ಮಣ್ಣು ತುಂಬಿ ನೆಲ ಮಾಡಿದರು. 2022ರ ವಿಶ್ವಕಪ್ ಫುಟ್‌ಬಾಲಿಗೆ ಮುಂಚೆ ಒಳಗಡೆಯೇ ಒಂದು ತೋಪು ಬೆಳೆಸಿದರು: 6,000 ಚದರ ಮೀಟರ್, ಮುನ್ನೂರಕ್ಕೂ ಹೆಚ್ಚು ಮರಗಳು. ಹೊರಗೆ ಮರಳುಗಾಡು, ಒಳಗೆ ಮಳೆಕಾಡಿನ ಎಲೆಗಳು. ಡ್ಯೂಟಿ ಫ್ರೀ ಅಂಗಡಿಗಳ ನಟ್ಟನಡುವೆ ಒಂದು ಹಳದಿ ಕರಡಿ ಕುಳಿತಿದೆ. ಸ್ವಿಟ್ಜರ್ಲೆಂಡಿನ ಕಲಾವಿದ ಉರ್ಸ್ ಫಿಶರ್ ಮಾಡಿದ ‘ಲ್ಯಾಂಪ್ ಬೇರ್’ ಅದು. ಸುಮಾರು ಏಳು ಮೀಟರ್ ಎತ್ತರ, ಬೆನ್ನ ಹಿಂದಿನಿಂದ ತಲೆಯ ಮೇಲಕ್ಕೆ ಬಂದ ಒಂದು ದೀಪ. ದೂರದಿಂದ ಬಟ್ಟೆಯ ಗೊಂಬೆಯೆಂದೇ ಕಾಣುತ್ತದೆ, ಬಟ್ಟೆಯ ಸುಕ್ಕು ಕೂಡ ಹಾಗೇ ಇದೆ. ಹತ್ತಿರ ಹೋದರೆ ಅಷ್ಟೂ ಕಂಚು. ಹಗಲಲ್ಲಿ ಅದರ ಮುಂದೆ ಸೆಲ್ಫಿಗೆ ಸರದಿ ಇರುತ್ತದೆ. ಆ ರಾತ್ರಿ ಒಬ್ಬ ತಾಯಿ, ಹಟ ಹಿಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕರಡಿಗೆ ಪ್ರದಕ್ಷಿಣೆ ಬರುತ್ತಿದ್ದಳು. ಮೂರನೆಯ ಸುತ್ತಿಗೆ ಮಗು ಕಣ್ಣು ಮುಚ್ಚಿತು.

ಬೇರೆ ಊರುಗಳು ಮಲಗುವ ಹೊತ್ತಿಗೆ ಈ ನಿಲ್ದಾಣ ಏಳುತ್ತದೆ. ಕೊಲ್ಲಿಯ ದೊಡ್ಡ ನಿಲ್ದಾಣಗಳೆಲ್ಲ ಹೀಗೆಯೇ. ಪೂರ್ವದಿಂದ ಬರುವ ವಿಮಾನಗಳು ಒಂದೇ ಹೊತ್ತಿಗೆ ಹಿಂಡುಹಿಂಡಾಗಿ ಇಳಿಯಬೇಕು, ಅವುಗಳ ಪ್ರಯಾಣಿಕರು ಎರಡು ಮೂರು ಗಂಟೆಯೊಳಗೆ ಪಶ್ಚಿಮಕ್ಕೆ ಹೊರಡುವ ವಿಮಾನಗಳನ್ನು ಹತ್ತಬೇಕು. ಹಾಗೆ ಹೊಂದಿಸಿದರೆ ಮಾತ್ರ ವ್ಯಾಪಾರ ಗಿಟ್ಟುತ್ತದೆ. ಆದರೆ ಯುರೋಪಿನ ಹಲವು ನಿಲ್ದಾಣಗಳಲ್ಲಿ ರಾತ್ರಿ ಹಾರಾಟಕ್ಕೆ ಕಟ್ಟುಪಾಡುಗಳಿವೆ. ಫ್ರಾಂಕ್‌ಫರ್ಟಿನಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ವಿಮಾನ ಇಳಿಸುವುದಕ್ಕೂ ಏರಿಸುವುದಕ್ಕೂ ನಿಷೇಧ, ಸುತ್ತಲಿನ ಜನ ನಿದ್ದೆ ಮಾಡಬೇಕಲ್ಲ! ಅವರ ಬೆಳಗಿಗೆ ತಲುಪಬೇಕಾದರೆ ದೋಹಾವನ್ನು ಇರುಳಿನಲ್ಲೇ ಬಿಡಬೇಕು. ದೋಹಾಕ್ಕೆ ಆ ಹೊತ್ತಿಗೆ ಮುಟ್ಟಬೇಕಾದರೆ ಬೆಂಗಳೂರನ್ನೂ ರಾತ್ರಿಯೇ ಬಿಡಬೇಕು. ಹೆಣ್ಣುಮಗಳನ್ನು ಬೀಳ್ಕೊಡಲು ಇಡೀ ಕುಟುಂಬ ನಡುರಾತ್ರಿ ದೇವನಹಳ್ಳಿಯ ದಾರಿಯಲ್ಲಿ ಕಾರಿನೊಳಗೆ ತೂಕಡಿಸುವುದಕ್ಕೆ ಫ್ರಾಂಕ್‌ಫರ್ಟಿನವರ ನೆಮ್ಮದಿಯ ನಿದ್ದೆಯೂ ಒಂದು ಕಾರಣ ಎಂದರೆ ತಮಾಷೆಯಲ್ಲ.

ಇನ್ನೊಂದು ಕಾರಣ ಬಿಸಿಲು. ಕಾದ ಗಾಳಿ ತೆಳ್ಳಗಿರುತ್ತದೆ, ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ. ಬೇಸಿಗೆಯ ಮಧ್ಯಾಹ್ನ ತುಂಬಿದ ವಿಮಾನ ಏಳಬೇಕಾದರೆ ಬಹಳ ದೂರ ಓಡಬೇಕು. ದೋಹಾದ ಒಂದು ರನ್‌ವೇ 4,850 ಮೀಟರ್ ಉದ್ದವಿರುವುದು ಸುಮ್ಮನೆ ಅಲ್ಲ. ಇರುಳ ತಂಪಿನಲ್ಲಿ ಅದೇ ಭಾರ ಸಲೀಸಾಗಿ ಮೇಲೇರುತ್ತದೆ. ಹೀಗೆ ಒಂದೂರಿನ ಸೆಖೆ, ಇನ್ನೊಂದೂರಿನ ನಿದ್ದೆ, ಮತ್ತೊಂದೂರಿನ ಬೆಳಗು ಎಲ್ಲ ಸೇರಿ ಆ ನೆಲದ ಮೇಲೆ ಜನರನ್ನು ತಂದು ಮಲಗಿಸಿದ್ದವು.

ಮಲಗಿದವರನ್ನು ನೋಡುತ್ತಾ ನಿಧಾನವಾಗಿ ಒಂದು ಸುತ್ತು ಬಂದೆ. ನೋಡುವುದು ಸಭ್ಯತೆಯಲ್ಲ, ಆದರೂ ಕಣ್ಣು ಕೇಳಲಿಲ್ಲ. ಒಬ್ಬ ತನ್ನ ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡಿದ್ದ. ಕೋಟು ತೊಟ್ಟ ಇನ್ನೊಬ್ಬ ಶೂ ಬಿಚ್ಚಿ ಜೋಡಿಸಿಟ್ಟು, ಕಾಲುಚೀಲದ ಹೆಬ್ಬೆರಳಿನ ತೂತು ಲೋಕಕ್ಕೆಲ್ಲ ಕಾಣುವಂತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹಗಲಿನಲ್ಲಿ ಎಷ್ಟು ಜನ ಅವನೆದುರು ಕೈಕಟ್ಟಿ ನಿಲ್ಲುತ್ತಾರೋ! ಕೂಲಿ ಮುಗಿಸಿ ಊರಿಗೆ ಹೊರಟ ಹುಡುಗರ ಗುಂಪೊಂದು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಗೋಡೆಗೊರಗಿ ಕುಳಿತಲ್ಲೇ ನಿದ್ದೆಹೋಗಿತ್ತು. ನೆಲ ಒರೆಸುವ ಯಂತ್ರವನ್ನು ಓಡಿಸಿಕೊಂಡು ಬಂದ ನೌಕರ ಇವರೆಲ್ಲರನ್ನೂ ಬಳಸಿಕೊಂಡು ಹೋದ. ಒಂದು ಕಡೆ ಚಾದರದ ಮೇಲೆ ಕೂಸು ಮಲಗಿತ್ತು. ಅಲ್ಲಿ ಯಂತ್ರ ನಿಲ್ಲಿಸಿ ಕೆಳಗಿಳಿದ. ಕೂಸಿನ ಸುತ್ತಲಿನ ನಾಲ್ಕಡಿ ಜಾಗವನ್ನು ಕೈಯಲ್ಲೇ ಒರೆಸಿದ. ಆಮೇಲೆ ಯಂತ್ರವನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ಮತ್ತೆ ಚಾಲೂ ಮಾಡಿದ. ನೋಡಿದವರು ನಾನೊಬ್ಬನೇ ಇರಬೇಕು. ಯಾರಾದರೂ ನೋಡಲಿ ಎಂದು ಅವನು ಮಾಡಿದ್ದೂ ಅಲ್ಲ.

ನಿದ್ದೆ ಎಂದರೆ ಮನುಷ್ಯ ಪೂರ್ತಿ ಸೋತುಕೊಡುವ ಸ್ಥಿತಿ. ಎಚ್ಚರವಿದ್ದಾಗ ಮುಖಕ್ಕೊಂದು ಬಿಗುವು, ಮಾತಿಗೊಂದು ಜಾಣ್ಮೆ, ಕೈಗೊಂದು ಹಿಡಿತ. ಕಣ್ಣು ಮುಚ್ಚಿದ ಮೇಲೆ ಏನೂ ಇಲ್ಲ. ಆದ್ದರಿಂದಲೇ ಬಾಗಿಲು ಹಾಕಿ, ಚಿಲಕ ಭದ್ರ ಮಾಡಿ ಮಲಗುತ್ತೇವೆ. ಇಲ್ಲಿ ಬಾಗಿಲೂ ಇಲ್ಲ, ಪಕ್ಕದವನ ಭಾಷೆಯೂ ಗೊತ್ತಿಲ್ಲ, ಅವನ ದೇವರು ಯಾರೋ, ಅವನ ದೇಶಕ್ಕೂ ನಮ್ಮ ದೇಶಕ್ಕೂ ಆಗಿಬರುತ್ತದೋ ಇಲ್ಲವೋ. ಆದರೂ ಜೇಬಿನಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು, ಪಕ್ಕದಲ್ಲಿ ಫೋನು ಚಾರ್ಜಿಗೆ ಹಾಕಿ, ಸಾವಿರಾರು ಜನ ಒಬ್ಬರೆದುರಿಗೊಬ್ಬರು ಕಣ್ಣು ಮುಚ್ಚಿದ್ದಾರೆ. ವಿಮಾನ ಹಾರುವುದಕ್ಕಿಂತ ಇದು ದೊಡ್ಡ ವಿಷಯ ಎಂದು ನನಗೆ ಅನ್ನಿಸಿತು.

ಫೋನಿನಲ್ಲಿ ಕನ್ನಡದ ಪತ್ರಿಕೆ ಓದುತ್ತಾ ಕುಳಿತಿದ್ದಾಗ ಪಕ್ಕದ ಸಾಲಿನಿಂದ ದನಿ ಬಂತು. “ನೀವು ಕನ್ನಡದವ್ರಾ?” ಎಪ್ಪತ್ತರ ಆಸುಪಾಸಿನ ಹೆಂಗಸು, ರೇಷ್ಮೆಯಂಚಿನ ಸೀರೆ, ಮೇಲೆ ಸ್ವೆಟರ್, ಕಾಲಿಗೆ ಮೊಮ್ಮಕ್ಕಳು ಕೊಡಿಸಿದ್ದಿರಬಹುದಾದ ದಪ್ಪ ಸ್ಪೋರ್ಟ್ಸ್ ಶೂ. ಪಕ್ಕದಲ್ಲಿ ಯಜಮಾನರು ಮಂಕಿ ಕ್ಯಾಪ್ ಹಾಕಿಕೊಂಡು ಕುಳಿತಲ್ಲೇ ನಿದ್ದೆ ಮಾಡುತ್ತಿದ್ದರು. ತೀರ್ಥಹಳ್ಳಿ ಕಡೆಯವರು. ಚಿಕಾಗೋದ ಹತ್ತಿರ ಮಗಳ ಬಾಣಂತನ ಮುಗಿಸಿ ವಾಪಸಾಗುತ್ತಿದ್ದರು.

“ನಮ್ಮ ಗೇಟ್ ನಂಬರು ಇನ್ನೂ ಹಾಕಿಲ್ಲ ಅಂತಾರೆ. ಹಾಕಿದ್ ಮೇಲೆ ಸ್ವಲ್ಪ ಹೇಳ್ತೀರಾ?”

“ನಾನೂ ಅದೇ ವಿಮಾನಕ್ಕೇ ಅಮ್ಮ. ಒಟ್ಟಿಗೇ ಹೋಗೋಣ ಬಿಡಿ.”

ಅವರ ಮುಖದಲ್ಲಿದ್ದ ಗಂಟು ಸಡಿಲವಾಯಿತು. ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ತೋರಿಸಿದರು. ಮಗಳು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು: ದೋಹಾದಲ್ಲಿ ಹೊರಗೆ ಹೋಗಬೇಡಿ, ಟ್ರಾನ್ಸ್‌ಫರ್ ಅಂತ ಇರುವ ಕಡೆ ನಡೆಯಿರಿ. ದೊಡ್ಡ ಕರಡಿ ಗೊಂಬೆ ಕಂಡರೆ ದಾರಿ ಸರಿ ಇದೆ ಅಂತ ತಿಳಿಯಿರಿ. ಅಪ್ಪನ ಬಿಪಿ ಮಾತ್ರೆ ಇಂಡಿಯಾ ಟೈಮ್ ಏಳಕ್ಕೆ. ಅವಲಕ್ಕಿ ಕಪ್ಪು ಬ್ಯಾಗಿನಲ್ಲಿದೆ. ಕೊನೆಯಲ್ಲಿ ಕೆಳಗೆರೆ ಎಳೆದು: ಯಾರನ್ನಾದರೂ ಕೇಳಿ, ಹೇಳುತ್ತಾರೆ.

ಹಾಳೆ ಮಡಿಸಿಟ್ಟು ಸುತ್ತ ನೋಡಿದ ಅಮ್ಮ ಅಂದರು: “ನೋಡಿ ಮಾರಾಯ್ರೆ, ಮದುವೆ ಮನೇಲಿ ಮಲಗಿದ ಹಾಗೆ ಮಲಗಿದಾರೆ. ಯಾರು ಯಾರ ಕಡೆಯವ್ರು ಅಂತ ಗೊತ್ತಿಲ್ಲ, ಅಷ್ಟೇ.”

ಯಜಮಾನರ ಮುಂಗೈಯಲ್ಲಿ ಹಳೆಯ ಎಚ್‌ಎಂಟಿ ವಾಚು ಐದು ಇಪ್ಪತ್ತೈದು ತೋರಿಸುತ್ತಿತ್ತು. ಅಮೆರಿಕದಲ್ಲಿ ಇದ್ದಷ್ಟು ದಿನವೂ ಅವರು ಅದನ್ನು ತಿರುಗಿಸಲಿಲ್ಲವಂತೆ. “ಊರಲ್ಲಿ ಈಗ ಹಾಲು ಕರೆಯೋ ಹೊತ್ತು ಅಂತ ಹೇಳ್ತಾ ಇರ್ತಿದ್ರು” ಎಂದು ಅಮ್ಮ ನಕ್ಕರು. ನನ್ನ ಫೋನು ತಾನಾಗಿಯೇ ದೋಹಾದ ಹೊತ್ತಿಗೆ ಹೊಂದಿಕೊಂಡಿತ್ತು: ಎರಡು ಐವತ್ತೈದು. ಚಿಕಾಗೋದಲ್ಲಿ ಇನ್ನೂ ಹಿಂದಿನ ದಿನದ ಸಂಜೆ. ಎದುರಿನ ಗೋಡೆಗೊರಗಿದ ಹುಡುಗರು ಕಠ್ಮಂಡುವಿನ ವಿಮಾನಕ್ಕೆ ಕಾಯುತ್ತಿದ್ದರು. ಅವರೂರು ನಮಗಿಂತಲೂ ಕಾಲು ಗಂಟೆ ಮುಂದು. ನಾವು ಕೂತಿದ್ದ ಕೆಲವೇ ಅಡಿಗಳ ಜಾಗದಲ್ಲಿ ನಾಲ್ಕು ಹೊತ್ತುಗಳಿದ್ದವು.

ಮೈಯೊಳಗಿನ ಗಡಿಯಾರ ಇದಕ್ಕೆಲ್ಲ ಒಪ್ಪುವುದಿಲ್ಲ. ಮಿದುಳಿನ ತಳದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಹಗಲು ಯಾವುದು, ಇರುಳು ಯಾವುದು ಎಂದು ದೇಹಕ್ಕೆ ಹೇಳುವುದು ಅದು. ಬೆಳಕು ಕಂಡು ಅದು ತನ್ನನ್ನು ಸರಿಮಾಡಿಕೊಳ್ಳುತ್ತದೆ, ಆದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟು ಮಾತ್ರ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಮೈ ಬಂದು ಮುಟ್ಟಿದರೂ ಒಳಗಿನ ಹೊತ್ತು ಹಿಂದಿನಿಂದ ನಡೆದುಕೊಂಡೇ ಬರಬೇಕು. ವಾಚು ತಿರುಗಿಸದ ಯಜಮಾನರದು ಹಟವೆನ್ನಿಸಬಹುದು. ನರಕೋಶಗಳ ಹಟವೂ ಅದೇ.

ಇಷ್ಟೆಲ್ಲ ಹೊತ್ತುಗಳನ್ನು ಇಟ್ಟುಕೊಂಡು ವಿಮಾನ ಹಾರಿಸಲಾಗುವುದಿಲ್ಲ. ಹಾಗಾಗಿ ಪೈಲಟ್‌ಗಳು, ನಿಯಂತ್ರಣ ಗೋಪುರದವರು, ಹವಾಮಾನ ವರದಿ ಬರೆಯುವವರು ಎಲ್ಲ ದೇಶಗಳಲ್ಲೂ ಒಂದೇ ಹೊತ್ತನ್ನು ಇಟ್ಟುಕೊಂಡಿದ್ದಾರೆ, ಯುಟಿಸಿ. ದೋಹಾ ಅದಕ್ಕಿಂತ ಮೂರು ಗಂಟೆ ಮುಂದು. ಎಂದರೆ ನನ್ನ ಫೋನಿನಲ್ಲಿ ಮೂರು ಆದ ಆ ಗಳಿಗೆಯಲ್ಲೇ ಇಡೀ ವಿಮಾನಲೋಕಕ್ಕೆ ಸೊನ್ನೆ ಗಂಟೆ, ತಾರೀಖು ಬದಲಾಗುವ ಹೊತ್ತು. ಭೂಮಿಯ ಮೇಲೆ ಹಾರುತ್ತಿದ್ದ ಸಾವಿರಾರು ವಿಮಾನಗಳಲ್ಲಿ ಹೊಸ ದಿನ ಒಟ್ಟಿಗೇ ಹುಟ್ಟಿತು. ಅಮ್ಮ ಅವಲಕ್ಕಿಯ ಡಬ್ಬಿ ತೆರೆದರು. ನಾವಿಬ್ಬರೂ ತಿಂದೆವು.

ಇಷ್ಟೊಂದು ದೇಶಗಳನ್ನು ಹೀಗೆ ಒಂದೇ ಕಟ್ಟುಪಾಡಿಗೆ ಒಪ್ಪಿಸಿದವರು ಯಾರು? ಆ ಕಥೆಯೂ ಅಮ್ಮನ ಮಗಳಿರುವ ಊರಿಗೇ ಹೋಗಿ ಮುಟ್ಟುತ್ತದೆ. 1944ರ ನವೆಂಬರ್ 1ರಂದು ಚಿಕಾಗೋದ ಸ್ಟೀವನ್ಸ್ ಹೋಟೆಲಿನಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಸೇರಿದರು. ಇನ್ನೂ ಸ್ವತಂತ್ರವಾಗಿರದ ಭಾರತದಿಂದಲೂ ಹೋಗಿದ್ದರು. ಎರಡನೆಯ ಮಹಾಯುದ್ಧ ಮುಗಿದಿರಲಿಲ್ಲ. ಸಭೆ ನಡೆಯುತ್ತಿದ್ದಾಗಲೇ, ನವೆಂಬರ್ 24ರಂದು, ಅಮೆರಿಕದ ಬಿ-29 ವಿಮಾನಗಳು ಮರಿಯಾನಾ ದ್ವೀಪಗಳಿಂದ ಹೊರಟು ಟೋಕಿಯೊ ಮೇಲೆ ಬಾಂಬು ಹಾಕಿದವು. ವಿಮಾನವೆಂದರೆ ಆಗ ಜಗತ್ತಿನ ಬಹುಪಾಲು ಜನರಿಗೆ ಸಾವು. ಸದ್ದು ಕೇಳಿದರೆ ನೆಲಮಾಳಿಗೆಗೆ ಓಡುವ ಕಾಲ. ಅಂಥ ಹೊತ್ತಿನಲ್ಲಿ ಈ ಜನ ಕುಳಿತು, ಯುದ್ಧ ಮುಗಿದ ಮೇಲೆ ಸಾಮಾನ್ಯ ಪ್ರಯಾಣಿಕ ಒಂದು ದೇಶದಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಹೇಗೆ ಹೋಗಬೇಕು ಎಂದು ಕಲಮು ಕಲಮಾಗಿ ಚರ್ಚಿಸಿದರು. ಡಿಸೆಂಬರ್ 7ರಂದು 52 ದೇಶಗಳು ಸಹಿ ಹಾಕಿದವು. ಒಪ್ಪಂದದ ಪೀಠಿಕೆಯಲ್ಲೇ ಎರಡೂ ಮಾತಿದೆ: ನಾಗರಿಕ ವಿಮಾನಯಾನ ದೇಶಗಳ ನಡುವೆ ಸ್ನೇಹ ಬೆಳೆಸಬಲ್ಲದು, ಕೆಟ್ಟದ್ದಕ್ಕೆ ಬಳಸಿದರೆ ಎಲ್ಲರಿಗೂ ಕುತ್ತಾಗಬಲ್ಲದು.

ಅದರಿಂದ ಹುಟ್ಟಿದ ಸಂಸ್ಥೆ ಐಸಿಎಒ, 1947ರಿಂದ ಕೆಲಸ ಮಾಡುತ್ತಿದೆ. ಪತ್ರಿಕೆಗಳಲ್ಲಿ ಅದರ ಹೆಸರು ಕಾಣುವುದೇ ಅಪರೂಪ. ನಿಮ್ಮ ಪಾಸ್‌ಪೋರ್ಟ್ ತೆಗೆದು ಫೋಟೊ ಇರುವ ಪುಟದ ಕೆಳಗಡೆ ನೋಡಿ. ಬಾಣದ ಮೊನೆಯಂಥ ಗುರುತುಗಳು ತುಂಬಿದ ಎರಡು ಸಾಲುಗಳಿವೆ. ಯಾವ ಅಕ್ಷರ ಎಷ್ಟನೆಯ ಮನೆಯಲ್ಲಿ ಕೂರಬೇಕೆಂದು ನಿಗದಿ ಮಾಡಿದ್ದು ಇದೇ ಸಂಸ್ಥೆ. ಆದ್ದರಿಂದ ತೀರ್ಥಹಳ್ಳಿಯ ಅಮ್ಮನ ಹೆಸರನ್ನು ಚಿಕಾಗೋದ ಯಂತ್ರವೂ ಓದುತ್ತದೆ, ದೋಹಾದ ಯಂತ್ರವೂ ಓದುತ್ತದೆ. ಅಮ್ಮನಿಗೆ ಅವೆರಡೂ ಊರಿನ ಭಾಷೆ ಬರುವುದಿಲ್ಲ. ಬರಬೇಕಾದ ಅಗತ್ಯವೂ ಬೀಳಲಿಲ್ಲ.

ಮಲಗಿದವರ ನಂಬಿಕೆಗೆ ಬುನಾದಿ ಇಲ್ಲಿದೆ. ರಾತ್ರಿ ಆಯಿತೆಂದು ಮನುಷ್ಯರೆಲ್ಲ ಏಕಾಏಕಿ ಒಳ್ಳೆಯವರಾಗಿಬಿಟ್ಟಿರಲಿಲ್ಲ. ಒಳಗೆ ಬಂದ ಪ್ರತಿಯೊಬ್ಬರ ಚೀಲವನ್ನೂ ಯಂತ್ರ ನೋಡಿತ್ತು, ಪ್ರತಿ ಹೆಸರಿಗೂ ಒಂದು ಟಿಕೆಟ್ ಇತ್ತು, ತಲೆಯ ಮೇಲೆ ಕ್ಯಾಮರಾ ಇತ್ತು. ಕೆಲವರಿಗೆ ಇದು ಬೆರಗನ್ನು ಕಡಿಮೆ ಮಾಡೀತು. ನನಗೆ ಹೆಚ್ಚು ಮಾಡಿತು. ನಂಬಿಕೆ ಎನ್ನುವುದು ಎದೆಯಲ್ಲಿ ತಾನಾಗಿ ಹುಟ್ಟುವ ಭಾವ ಎಂದೇ ನಾವು ತಿಳಿದಿದ್ದೇವೆ. ಅದನ್ನು ಕಟ್ಟಲೂ ಬಹುದು. ಗುಮಾಸ್ತರು, ಅನುವಾದಕರು, ವಕೀಲರು, ಕರಡು ತಿದ್ದುವವರು ಸೇರಿ ಸಾಲು ಸಾಲಾಗಿ ಬರೆದು, ಜಗಳವಾಡಿ, ಮತ್ತೆ ತಿದ್ದಿ ಕಟ್ಟಬಹುದು. ಎಪ್ಪತ್ತೆಂಬತ್ತು ವರ್ಷಗಳ ಮೇಲೆ ಅವರ ಹೆಸರೂ ಕೇಳಿರದ ಒಬ್ಬ ಅಜ್ಜ ಅದರ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು ನಿದ್ದೆ ಮಾಡಬಹುದು.

ಕಟ್ಟಿದ್ದು ಕುಸಿಯಲೂ ಬಲ್ಲದು. 2017ರ ಜೂನ್‌ನಲ್ಲಿ ಸೌದಿ ಅರೇಬಿಯಾ, ಯುಎಇ, ಬಹರೇನ್, ಈಜಿಪ್ಟ್ ದೇಶಗಳು ಕತಾರಿನ ಜೊತೆ ಸಂಬಂಧ ಕಡಿದುಕೊಂಡು ಅದರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. 2021ರ ಜನವರಿಯವರೆಗೂ ಇದೇ ನಿಲ್ದಾಣದ ವಿಮಾನಗಳು ಸುತ್ತುಬಳಸಿ ಹಾರಿದವು. 2025ರ ಜೂನ್ 23ರ ಸಂಜೆ ಇರಾನಿನ ಕ್ಷಿಪಣಿಗಳು ದೋಹಾದ ಹೊರಗಿನ ಅಲ್ ಉದೈದ್ ಸೇನಾನೆಲೆಯ ಕಡೆ ಬಂದಾಗ ಕತಾರ್ ತನ್ನ ಆಕಾಶವನ್ನೇ ಕೆಲವು ಗಂಟೆ ಮುಚ್ಚಬೇಕಾಯಿತು. ದಾರಿಯಲ್ಲಿದ್ದ ವಿಮಾನಗಳು ಬೇರೆ ಬೇರೆ ಊರುಗಳಲ್ಲಿ ಇಳಿದವು. ನಿದ್ದೆಯ ಊರು ಒಂದು ಸಂಜೆಯಲ್ಲಿ ದಿಗಿಲಿನ ಊರಾಗಬಹುದು.

ಮತ್ತೆ, ಈ ನಂಬಿಕೆಯೊಳಗೆ ಕಾಗದ ಇದ್ದವರಿಗೆ ಮಾತ್ರ ಜಾಗ. ಟ್ರಾನ್ಸಿಟ್‌ನಲ್ಲಿ ಕುಳಿತವನ ಪಾಸ್‌ಪೋರ್ಟಿನಲ್ಲಿ ಆ ದೇಶದ ಮುದ್ರೆ ಬಿದ್ದಿರುವುದಿಲ್ಲ. ಅಲ್ಲಿನ ಕಾನೂನು ಮಾತ್ರ ಅವನ ಮೇಲೆ ಪೂರ್ತಿ ನಡೆಯುತ್ತದೆ. ನಮಗೆ ಅದು ಒಂದು ರಾತ್ರಿಯ ವಿಚಿತ್ರ. ಇರಾನಿನಲ್ಲಿ ಹುಟ್ಟಿದ ಮೆಹ್ರಾನ್ ಕರೀಮಿ ನಸ್ಸೇರಿಗೆ ಅದೇ ಬದುಕಾಯಿತು. ಸರಿಯಾದ ಕಾಗದಪತ್ರಗಳಿಲ್ಲದೆ 1988ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಆತ 2006ರವರೆಗೆ ಅಲ್ಲಿನ ಒಂದನೆಯ ಟರ್ಮಿನಲ್‌ನಲ್ಲೇ ಇದ್ದ. ಕೆಂಪು ಬೆಂಚು, ಸುತ್ತ ಪೆಟ್ಟಿಗೆಗಳು, ದಿನಚರಿ ಬರೆಯುವುದು, ಪತ್ರಿಕೆ ಓದುವುದು. ಕೊನೆಗೆ ಫ್ರಾನ್ಸ್ ಕಾಗದ ಕೊಡಲು ಒಪ್ಪಿದಾಗಲೂ ಹೊರಗೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ. ಸ್ಪೀಲ್‌ಬರ್ಗ್ 2004ರಲ್ಲಿ ಮಾಡಿದ ‘ದ ಟರ್ಮಿನಲ್’ ಸಿನಿಮಾಕ್ಕೆ ಅವನ ಕಥೆಯೇ ಪ್ರೇರಣೆ. ಸಿನಿಮಾದ ನಾಯಕ ಕೊನೆಗೆ ಹೊರಗೆ ಬರುತ್ತಾನೆ. ನಸ್ಸೇರಿ ಅದೇ ನಿಲ್ದಾಣಕ್ಕೆ ಮರಳಿ, 2022ರ ನವೆಂಬರ್‌ನಲ್ಲಿ ಅಲ್ಲೇ ತೀರಿಕೊಂಡ. ನಿಲ್ದಾಣವನ್ನು ಬೆರಗಿನಿಂದ ನೋಡುವ ಅದೃಷ್ಟ, ಅಲ್ಲಿಂದ ಹೊರಡಲು ಸಾಧ್ಯವಿರುವವರದು ಮಾತ್ರ.

ಬೆಳಗಿನ ಜಾವ ಬೋರ್ಡಿನಲ್ಲಿ ಬೆಂಗಳೂರಿನ ಮುಂದೆ ಗೇಟಿನ ಸಂಖ್ಯೆ ಬಿತ್ತು. ಯಜಮಾನರನ್ನು ಎಬ್ಬಿಸಿದೆವು. ಅವರು ವಾಚು ನೋಡಿ, ಮೊದಲು ಮಾತ್ರೆ ಕೇಳಿದರು.

ಬರುವ ವರ್ಷಗಳಲ್ಲಿ ನಮ್ಮ ಮನೆಗಳಿಂದ ಇನ್ನೂ ಎಷ್ಟೋ ಅಪ್ಪ ಅಮ್ಮಂದಿರು ಹೀಗೆ ಹಾಳೆ ಹಿಡಿದು ದೋಹಾ, ದುಬೈ, ಅಬುಧಾಬಿ, ಫ್ರಾಂಕ್‌ಫರ್ಟ್ ದಾಟುತ್ತಾರೆ. ಮಕ್ಕಳು ಹಾಳೆಯ ಕೊನೆಯಲ್ಲಿ ಬರೆಯುವುದು ಹೆಚ್ಚುಕಡಿಮೆ ಅದೇ ಸಾಲು. 52 ದೇಶಗಳು ಸಹಿ ಹಾಕಿದ ಒಪ್ಪಂದ ಅವರನ್ನು ಗೇಟಿನ ಹತ್ತಿರದವರೆಗೆ ತಂದು ಬಿಡುತ್ತದೆ. ಕೊನೆಯ ನೂರು ಹೆಜ್ಜೆಗೆ ಯಾವ ಒಪ್ಪಂದವೂ ಇಲ್ಲ. ಅಲ್ಲಿ ನೀವಿದ್ದರೆ, ಯಾರಾದರೂ ಬಂದು ಗೇಟು ಎಲ್ಲಿ ಎಂದು ಕೇಳಿದರೆ, ಬರೀ ಬೆರಳು ತೋರಿಸಿ ಫೋನಿಗೆ ಮರಳಬೇಡಿ. ಎದ್ದು ಜೊತೆಗೆ ಹೋಗಿ ಬಿಟ್ಟು ಬನ್ನಿ. ನಿಮ್ಮ ವಿಮಾನಕ್ಕೆ ಹೇಗೂ ಇನ್ನೂ ಹೊತ್ತಿರುತ್ತದೆ.